ಬಾಣಂತಿಯ ಮನಸ್ಸು ಮತ್ತು ಸರಕಾರದ ಹೊಣೆ

ಬಾಣಂತಿಯ ದೇಹವನ್ನು ಕುರಿತು ನಮ್ಮಲ್ಲಿ ಮಾತಿಗೆ ಬಡತನವಿಲ್ಲ. ಅವಳು ಉಣ್ಣಬೇಕಾದ ಮೆಣಸಿನ ಸಾರು, ಬೆಳ್ಳುಳ್ಳಿ, ಉತ್ತರದ ಕಡೆಯ ಅಂಟಿನ ಉಂಡೆ, ಮೈಗೆ ಹಚ್ಚುವ ಎಣ್ಣೆ, ಎರೆಯುವ ಬಿಸಿನೀರಿನ ಹದ, ಮಂಚದ ಕೆಳಗಿನ ಕೆಂಡ, ಕಿವಿಗೆ ಇಡುವ ಹತ್ತಿ, ತಲೆಗೆ ಸುತ್ತುವ ಬಟ್ಟೆ, ಮುಟ್ಟಬಾರದ ತಣ್ಣೀರು, ತಿನ್ನಬಾರದ ನಂಜಿನ ಪದಾರ್ಥ - ಹೀಗೆ ಒಂದು ಶಾಸ್ತ್ರವೇ ನಮ್ಮ ಅಜ್ಜಿಯಂದಿರ ಬಾಯಲ್ಲಿ ಬೆಳೆದು ಬಂದಿದೆ. ಆದರೆ ಅವಳ ಮನಸ್ಸನ್ನು ಕುರಿತು ನಮಗಿರುವ ಮಾತು ಎಷ್ಟು? ಒಂದು ಕಡೆ ತೊಟ್ಟಿಲು ತೂಗುತ್ತ ನಗುವ ತಾಯಿಯ ಚಿತ್ರ. ಇನ್ನೊಂದು ಕಡೆ ‘ಬಾಣಂತಿ ಸನ್ನಿ’ ಎಂಬ ಭಯಂಕರವಾದ ಪದ. ಇವೆರಡರ ನಡುವೆ ಮತ್ತೊಂದು ಸ್ಥಿತಿಯುಂಟು. ಮಗು ಆರೋಗ್ಯವಾಗಿದೆ, ಮನೆ ತುಂಬ ಜನರಿದ್ದಾರೆ. ಆದರೂ ಮೂರನೆಯ ವಾರದಲ್ಲಿ ಒಬ್ಬಳು ಹೆಂಗಸು ಗೋಡೆಯ ಕಡೆಗೆ ಮುಖ ಮಾಡಿ ಮಲಗಿ, ತನಗೇಕೆ ಮಗುವಿನ ಮೇಲೆ ಮನಸ್ಸು ಹರಿಯುತ್ತಿಲ್ಲವೆಂದು ತನ್ನಲ್ಲಿಯೇ ನಾಚಿಕೊಳ್ಳುತ್ತಾಳೆ. ಆ ಸ್ಥಿತಿಗೆ ಮನೆಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ ನೋವನ್ನು ಮನೆಯವರು ಕಾಣುವುದು ಕಷ್ಟ. ಸರಕಾರ ಎಣಿಸುವುದು ಇನ್ನೂ ಕಷ್ಟ.

ವೈದ್ಯಶಾಸ್ತ್ರ ಇದನ್ನು ಪ್ರಸವೋತ್ತರ ಖಿನ್ನತೆ ಎಂದು ಕರೆದಿದೆ. ಇದರ ಆಚೀಚಿನ ಎರಡು ಸ್ಥಿತಿಗಳಿಂದ ಇದನ್ನು ಬೇರ್ಪಡಿಸಿಯೂ ಇದೆ. ಹೆರಿಗೆಯಾದ ಮೊದಲ ಕೆಲವು ದಿನಗಳಲ್ಲಿ ಬಹುಮಂದಿ ತಾಯಂದಿರಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ಮನಸ್ಸು ಕ್ಷಣಕ್ಕೊಂದು ಬಗೆಯಾಗುತ್ತದೆ. ಅದು ಎರಡು ವಾರದೊಳಗೆ ತಾನಾಗಿಯೇ ಕಳೆಯುತ್ತದೆ; ಔಷಧ ಬೇಡ, ಆದರ ಸಾಕು. ಇನ್ನೊಂದು ತುದಿಯಲ್ಲಿರುವುದು ಚಿತ್ತವೇ ಕದಡಿಹೋಗುವ ಬೇನೆ. ಅದು ಬರುವುದು ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಆದರೆ ಬಂದಾಗ ಒಂದು ದಿನವೂ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಡುವಿನದು ಖಿನ್ನತೆ. ಅದು ವಾರಗಳಲ್ಲ, ತಿಂಗಳುಗಳ ಕಾಲ ನಿಲ್ಲುತ್ತದೆ. ನಿದ್ದೆಯನ್ನು, ಹಸಿವನ್ನು, ಆಸೆಯನ್ನು ತಿನ್ನುತ್ತದೆ. ಕೆಲವರಲ್ಲಿ ಬದುಕುವ ಇಚ್ಛೆಯನ್ನೇ ತಿನ್ನುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಭಾರತದಲ್ಲಿ ನಡೆದ 38 ಅಧ್ಯಯನಗಳಿಂದ 20,043 ತಾಯಂದಿರ ವಿವರಗಳನ್ನು ಒಟ್ಟುಗೂಡಿಸಿ, ನೂರರಲ್ಲಿ ಸುಮಾರು 22 ಮಂದಿ ಈ ಖಿನ್ನತೆಗೆ ಒಳಗಾಗುತ್ತಾರೆಂದು ಕಂಡುಕೊಂಡಿತು. ಎಂದರೆ ಐದು ತೊಟ್ಟಿಲಿಗೆ ಒಂದು. ಐವರಲ್ಲಿ ಒಬ್ಬರಿಗೆ ಬರುವ ಜ್ವರವೊಂದು ಇದ್ದಿದ್ದರೆ ನಾವು ಅದಕ್ಕೆ ಎಷ್ಟು ಕಚೇರಿಗಳನ್ನು ತೆರೆಯುತ್ತಿದ್ದೆವು!

ಕನ್ನಡದ ವಾಚಕರಿಗೆ ಈ ವಿಷಯ ಹೊಸದೆಂದು ನಾನು ಹೇಳಲಾರೆ. ತ್ರಿವೇಣಿಯವರ ‘ಶರಪಂಜರ’ವನ್ನು ಓದದವರೂ 1971ರಲ್ಲಿ ಪುಟ್ಟಣ್ಣ ಕಣಗಾಲರು ಅದರಿಂದ ಮಾಡಿದ ಚಿತ್ರವನ್ನು ನೋಡಿರುತ್ತಾರೆ. ಹೆರಿಗೆಯ ಬಳಿಕ ಮನಸ್ಸಿನ ಸ್ವಾಸ್ಥ್ಯ ತಪ್ಪಿದ ಕಾವೇರಿ ಆಸ್ಪತ್ರೆಯಲ್ಲಿ ಗುಣ ಹೊಂದಿ ಮನೆಗೆ ಮರಳುತ್ತಾಳೆ. ಅವಳು ಗುಣವಾಗಿದ್ದಾಳೆ, ಆದರೆ ಮನೆಯ ಕಣ್ಣು ಗುಣವಾಗಿಲ್ಲ. ಅವಳು ನಕ್ಕರೆ ಸಂಶಯ, ಅತ್ತರೆ ಸಂಶಯ, ಸುಮ್ಮನಿದ್ದರೂ ಸಂಶಯ. ಬೇನೆಗಿಂತ ಬೇನೆಯ ಹೆಸರೇ ಅವಳನ್ನು ಕೊನೆಗೆ ಕೆಡವುತ್ತದೆ. ಮನಶ್ಶಾಸ್ತ್ರವನ್ನು ಓದಿಕೊಂಡಿದ್ದ ಲೇಖಕಿ, ಅರ್ಧ ಶತಮಾನಕ್ಕೂ ಹಿಂದೆ, ನಮ್ಮ ಮಧ್ಯಮ ವರ್ಗದ ಮನೆಯೊಂದನ್ನು ಹೀಗೆ ಬಗೆದು ತೋರಿಸಿದರು. ಆ ಲೇಖಕಿಯೇ 1963ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸನ್ನು ಕುರಿತು ಬರೆದವರನ್ನು ಬಾಣಂತಿಯ ದೇಹಕ್ಕೆ ಒದಗುವ ಅಪಾಯ ಒಯ್ದಿತು. ಆ ಕಾಲದಲ್ಲಿ ಅಂಥ ಸಾವು ಅಪರೂಪವಾಗಿರಲಿಲ್ಲ.

ಅಂದಿನಿಂದ ಇಂದಿಗೆ ದೇಹದ ಮಟ್ಟಿಗೆ ಸರಕಾರ ಸಾಧಿಸಿದ್ದು ಸಣ್ಣದಲ್ಲ. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತನ್ನಾಡುವುದು ನ್ಯಾಯ. 2004-06ರ ಲೆಕ್ಕದಲ್ಲಿ ಕರ್ನಾಟಕದ ಒಂದು ಲಕ್ಷ ಸಜೀವ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಲೆಕ್ಕದಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರು ಬಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಒಂದು ಹೊತ್ತಿನ ಪೂರ್ಣ ಊಟವನ್ನು ಬಡಿಸಿತು. ಅದೇ ವರ್ಷ ಕೇಂದ್ರದ ಕಾನೂನಿಗೆ ಆದ ತಿದ್ದುಪಡಿಯಿಂದ, ನೌಕರಿಯಲ್ಲಿರುವ ತಾಯಿಯ ಸಂಬಳಸಹಿತ ರಜೆ ಮೊದಲೆರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿತು. ಸರಕಾರಕ್ಕೆ ಮನಸ್ಸಿದ್ದರೆ ಅದು ಬಾಣಂತಿಯ ಕೋಣೆಯವರೆಗೂ ಹೋಗಬಲ್ಲದೆಂಬುದಕ್ಕೆ ಇವೇ ಸಾಕ್ಷಿ.

ಹೋಗಬಲ್ಲದು ಎಂದು ಸುಮ್ಮನೆ ಹೇಳಲಿಲ್ಲ. ಅದು ಈಗಲೂ ಹೋಗುತ್ತಿದೆ. 2011ರಲ್ಲಿ ರೂಪುಗೊಂಡ ನವಜಾತ ಶಿಶುವಿನ ಗೃಹ ಆರೈಕೆಯ ಕಾರ್ಯಕ್ರಮದ ಪ್ರಕಾರ, ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ತಾಯಿಯನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ, ಒಟ್ಟು ಆರು ಸಲ, ಮನೆಗೆ ಹೋಗಿ ಕಾಣಬೇಕು. ಕೈಯಲ್ಲಿ ತಕ್ಕಡಿ, ಉಷ್ಣಮಾಪಕ ಮತ್ತು ಒಂದು ನಮೂನೆ. ಆ ನಮೂನೆಯಲ್ಲಿ ತಾಯಿಯ ಬಗ್ಗೆಯೂ ಪ್ರಶ್ನೆಗಳಿವೆ: ದಿನಕ್ಕೆ ಎಷ್ಟು ಸಲ ಹೊಟ್ಟೆ ತುಂಬ ಉಂಡಳು, ರಕ್ತಸ್ರಾವ ಎಷ್ಟಾಗುತ್ತಿದೆ, ಜ್ವರವಿದೆಯೆ, ಹಾಲು ಬರುತ್ತಿದೆಯೆ, ಅಸಂಬದ್ಧವಾಗಿ ಮಾತಾಡುತ್ತಾಳೆಯೆ ಅಥವಾ ಫಿಟ್ಸ್ ಬಂದಿದೆಯೆ. ವಾಚಕರು ಈ ಕೊನೆಯ ಪ್ರಶ್ನೆಯನ್ನು ಸ್ವಲ್ಪ ಗಮನಿಸಬೇಕು. ಅದು ಕೇಳುವುದು ಸನ್ನಿಯನ್ನು. ಅಸಂಬದ್ಧವಾಗಿ ಮಾತಾಡದೆ, ಮಾತನ್ನೇ ಬಿಟ್ಟು ಕುಳಿತವಳಿಗೆ ಅಲ್ಲಿ ಕಾಲಂ ಇಲ್ಲ. ನಮ್ಮ ಮನೆಮಾತಿನಲ್ಲಿರುವ ಕೊರತೆಯೇ ಸರಕಾರದ ಕಾಗದದಲ್ಲಿಯೂ ಅಚ್ಚಾಗಿದೆ. ಆರು ಸಲ ಬಾಗಿಲಿಗೆ ಬರುವ ಸರಕಾರ ಮಗುವನ್ನು ಆರು ಸಲ ತೂಗುತ್ತದೆ. ತಾಯಿಯ ಎದೆಯ ಭಾರವನ್ನು ಒಂದು ಸಲವೂ ಕೇಳದೆ ಹಿಂದಿರುಗುತ್ತದೆ. ನನ್ನ ವಾದವೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ.

ಮನಸ್ಸಿನ ವಿಷಯದಲ್ಲಿ ಸರಕಾರ ಏನನ್ನೂ ಮಾಡಿಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸರಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಿಂದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿತು. ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದೂ ಅದೇ ಕಾಯ್ದೆ ಹೇಳಿತು. ಆ ಮಾತು ಕಾಗದಕ್ಕೆ ಬರುವ ಮೊದಲೇ, 2009ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಪ್ರಭಾ ಚಂದ್ರ ಮತ್ತು ಅವರ ಸಂಗಡಿಗರ ಪ್ರಯತ್ನದಿಂದ ತಾಯಿ-ಮಗುವಿನ ವಿಭಾಗ ತೆರೆಯಿತು. ಅಲ್ಲಿ ತಾಯಿಗೆ ಚಿಕಿತ್ಸೆ ನಡೆಯುವಾಗ ಮಗು ಅವಳ ಜೊತೆಯಲ್ಲಿಯೇ ಇರುತ್ತದೆ. ಹಾಲೂಡುವುದು, ಎತ್ತಿಕೊಳ್ಳುವುದು, ನಗಿಸುವುದು ಇವೂ ಚಿಕಿತ್ಸೆಯ ಅಂಗಗಳಾಗುತ್ತವೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಣವಿಲ್ಲದೆ, ನಮ್ಮ ಭಾಷೆಯಲ್ಲಿಯೇ, ಆಪ್ತಸಲಹೆ ದೊರೆಯುವ ವ್ಯವಸ್ಥೆ ಅದು.

ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲವೂ ಬಾಗಿಲು ತೆರೆದುಕೊಂಡು, ಬಂದವರಿಗಾಗಿ ಕಾದು ಕುಳಿತ ಸೇವೆಗಳು. ಖಿನ್ನತೆಯ ಗುಣವೇನೆಂದರೆ, ಅದು ಹಿಡಿದವರ ಕಾಲಿನಿಂದ ಬಾಗಿಲವರೆಗೆ ನಡೆಯುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ನಲವತ್ತು ದಿನ ಕೋಣೆ ಬಿಟ್ಟು ಬರಬಾರದೆಂದು ಮನೆ ವಿಧಿಸಿದ ಬಾಣಂತಿ ಬೆಂಗಳೂರಿಗೆ ಹೇಗೆ ಬರಬೇಕು? ಮೊಬೈಲು ಗಂಡನ ಜೇಬಿನಲ್ಲಿರುವ ಮನೆಯಲ್ಲಿ ಅವಳು ಯಾವ ಸಂಖ್ಯೆಯನ್ನು ಒತ್ತಬೇಕು? ಎಲ್ಲಕ್ಕಿಂತ ಮಿಗಿಲಾಗಿ, ತನಗಿರುವುದು ಒಂದು ಬೇನೆಯೆಂದು ಅವಳಿಗೆ ಹೇಳಿದವರು ಯಾರು? ಅವಳು ಅದನ್ನು ತನ್ನ ಕೆಟ್ಟತನವೆಂದು ತಿಳಿದಿದ್ದಾಳೆ. ಕೆಟ್ಟತನಕ್ಕೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ.

ಆದುದರಿಂದ ಮೊದಲ ಹೆಜ್ಜೆ ಸರಕಾರದ್ದಾಗಬೇಕು. ಕೇಳುವ ಕ್ರಮವೇನೂ ಗುಟ್ಟಿನ ವಿದ್ಯೆಯಲ್ಲ. ಜಾನ್ ಕಾಕ್ಸ್ ಮತ್ತು ಅವರ ಸಂಗಡಿಗರು 1987ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಎಡಿನ್‌ಬರೋ ನಗರದ ಹೆಸರನ್ನು ಹೊತ್ತ ಆ ಪಟ್ಟಿ ಇಂದು ಜಗತ್ತಿನ ಅನೇಕ ಭಾಷೆಗಳಲ್ಲಿದೆ, ಕನ್ನಡಕ್ಕೂ ಬಂದಿದೆ. ಹಿಂದಿನ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತೆಂಬುದನ್ನಷ್ಟೇ ಅದು ಕೇಳುತ್ತದೆ. ಕೊನೆಯ ಪ್ರಶ್ನೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತ್ತೆ ಎಂಬುದು. ಐದು ಹತ್ತು ನಿಮಿಷದ ಕೆಲಸ. ಆರು ಭೇಟಿಗಳಲ್ಲಿ ಎರಡರಲ್ಲಿ, ಹದಿನಾಲ್ಕನೆಯ ದಿನ ಮತ್ತು ನಲವತ್ತೆರಡನೆಯ ದಿನ, ಇದನ್ನು ಕೇಳಬೇಕೆಂಬ ಆಜ್ಞೆಯಾದರೆ ಸಾಕು. ಅಲ್ಲಿಗೂ ನಿಲ್ಲಬೇಕಾಗಿಲ್ಲ: 2018ರಲ್ಲಿ ಸೇರಿಸಿದ ಕಾರ್ಯಕ್ರಮದಂತೆ ಮಗುವಿಗೆ ಮೂರು, ಆರು, ಒಂಬತ್ತು, ಹನ್ನೆರಡು ಮತ್ತು ಹದಿನೈದು ತಿಂಗಳಾದಾಗಲೂ ಆಶಾ ಕಾರ್ಯಕರ್ತೆ ಮನೆಗೆ ಬರಬೇಕಾಗಿದೆ. ಮಗುವಿನ ಬೆಳವಣಿಗೆಯ ಜೊತೆಗೆ ತಾಯಿಯ ಮನಸ್ಸನ್ನೂ ಆಗ ವಿಚಾರಿಸಬಹುದು. ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ಇರುವ ದಾರಿಯಲ್ಲಿಯೇ ಇನ್ನೊಂದು ಮಾತು.

ಈ ಸಲಹೆಗೆ ಬರುವ ಆಕ್ಷೇಪಗಳು ನನಗೆ ತಿಳಿಯದವಲ್ಲ. ಮೊದಲನೆಯದು: ‘ಇದು ಒಂಟಿಯಾಗಿ ಬದುಕುವ ಪಾಶ್ಚಾತ್ಯರ ಬೇನೆ, ತವರಿನ ಬಾಣಂತನ ಇರುವ ನಮ್ಮಲ್ಲಿ ಇದಕ್ಕೆ ಎಡೆಯಿಲ್ಲ’ ಎಂಬುದು. ತವರಿನ ಬಾಣಂತನ ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಹಗುರಾಗಿ ಕಾಣುವವರಲ್ಲಿ ನಾನೊಬ್ಬನಲ್ಲ. ಆದರೆ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡೋಣ. ಹೆರಿಗೆಯಾಗಿ ಆರರಿಂದ ಎಂಟು ವಾರಗಳಾದ ತಾಯಂದಿರಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಾದರೂ ಚೇತರಿಸಿಕೊಂಡಿರಲಿಲ್ಲ. ಬಡತನ, ಹಸಿವು, ಗಂಡನ ಹೊಡೆತ, ಕೆಟ್ಟ ದಾಂಪತ್ಯ - ಇವು ಆ ಖಿನ್ನತೆಯ ಬೇರುಗಳು. ಹುಟ್ಟಿದ್ದು ಹೆಣ್ಣುಮಗುವಾದರೆ ಅಪಾಯ ಇನ್ನೂ ಹೆಚ್ಚು. ಇದರಲ್ಲಿ ಪಾಶ್ಚಾತ್ಯವಾದುದು ಯಾವುದು? ಹೆಣ್ಣು ಹುಟ್ಟಿತೆಂದು ನೋಡಲು ಬಾರದ ಅತ್ತೆಮಾವಂದಿರನ್ನು ನಾವು ವಿಲಾಯತಿಯಿಂದ ತರಿಸಿಕೊಂಡೆವೆ? ಬೆಚ್ಚಗಿನ ಕೋಣೆಯಲ್ಲಿ ಮೈ ಬೆವರುತ್ತದೆ; ಆದರೆ ಗಂಡನ ಮನೆಯಿಂದ ಬರುವ ಮೌನದ ಚಳಿಯನ್ನು ಆ ಕೆಂಡ ನೀಗಿಸಲಾರದು. ಅಲ್ಲದೆ, ತವರಿಗೆ ಹೋಗಲು ತವರೇ ಇಲ್ಲದವರು, ಕೂಲಿಗಾಗಿ ಊರು ಬಿಟ್ಟು ನಗರದ ತಗಡಿನ ಮನೆಯಲ್ಲಿ ಹೆತ್ತವರು, ಹದಿನೈದನೆಯ ದಿನಕ್ಕೇ ಸೊಂಟ ಬಿಗಿದು ಕೆಲಸಕ್ಕೆ ನಿಂತವರು - ಇವರ ಬಾಣಂತನವನ್ನು ಯಾವ ಸಂಪ್ರದಾಯ ಮಾಡುತ್ತದೆ? 26 ವಾರಗಳ ರಜೆ ಇವರಲ್ಲಿ ಬಹುಪಾಲು ಮಂದಿಯ ಹತ್ತಿರ ಸುಳಿಯುವುದೂ ಇಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ‘ಬೇನೆಯ ಬೇರು ಬಡತನವೆಂದಮೇಲೆ ಹತ್ತು ಪ್ರಶ್ನೆಗಳಿಂದ ಏನಾದೀತು? ಕೇಳಿದ ಮೇಲೆ ಗುಣಪಡಿಸುವ ವೈದ್ಯರೆಲ್ಲಿ?’ ಎಂಬುದು. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕ್ರೂರವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಬೇನೆಯ ಬಹುಪಾಲನ್ನು ಗುಣಪಡಿಸಲು ಮನೋವೈದ್ಯರೇ ಬೇಕೆಂಬುದು ನಿಜವಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರಹಮಾನ್ ಮತ್ತು ಅವರ ಸಂಗಡಿಗರು ನಡೆಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು ನಮ್ಮ ಆಶಾ ಕಾರ್ಯಕರ್ತೆಯರಂಥವರೇ. ಶಾಲೆ ಓದಿದ, ಅದೇ ಊರಿನ ಹೆಂಗಸರು. ಖಿನ್ನಳಾದ ತಾಯಿಯೊಡನೆ ಹೇಗೆ ಕುಳಿತು ಮಾತಾಡಬೇಕು, ಕತ್ತಲೆ ಕವಿದ ಯೋಚನೆಗೆ ಬದಲು ಮತ್ತೊಂದು ಯೋಚನೆಯನ್ನು ಹೇಗೆ ತೋರಿಸಬೇಕು, ಮನೆಯವರನ್ನು ಹೇಗೆ ಜೊತೆಗೆ ತರಬೇಕು ಎಂಬುದನ್ನು ಅವರಿಗೆ ಕಲಿಸಲಾಯಿತು. ಬಸುರಿನ ಕೊನೆಯ ತಿಂಗಳಿಂದ ಮೊದಲ್ಗೊಂಡು, ಎಂದಿನ ಮನೆಭೇಟಿಯ ಭಾಗವಾಗಿಯೇ ಅವರು ಇದನ್ನು ನಡೆಸಿದರು. ಮಗುವಿಗೆ ಆರು ತಿಂಗಳಾದಾಗ ನೋಡಿದರೆ, ಬರಿಯ ಮಾಮೂಲು ಭೇಟಿ ಪಡೆದ ತಾಯಂದಿರಲ್ಲಿ ನೂರಕ್ಕೆ 53 ಮಂದಿ ಇನ್ನೂ ಖಿನ್ನರಾಗಿದ್ದರು. ಈ ಮಾತಿನ ಚಿಕಿತ್ಸೆ ಪಡೆದವರಲ್ಲಿ 23 ಮಂದಿ ಮಾತ್ರ. ಅವರ ಮಕ್ಕಳಿಗೆ ಭೇದಿ ಕಡಿಮೆಯಾಗಿತ್ತು, ಚುಚ್ಚುಮದ್ದು ಹೆಚ್ಚು ಮಂದಿಗೆ ಪೂರ್ಣವಾಗಿತ್ತು. ಬಡತನ ಎರಡೂ ಕಡೆ ಇದ್ದಷ್ಟೇ ಇತ್ತು. ಬಡತನ ನೀಗುವ ತನಕ ಮನಸ್ಸನ್ನು ಕಾಯಿಸಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಕ್ರಮವನ್ನು ಎಲ್ಲ ದೇಶಗಳ ಉಪಯೋಗಕ್ಕಾಗಿ ಕೈಪಿಡಿಯಾಗಿಯೂ ಹೊರತಂದಿತು.

ಇಂಥ ಕೆಲಸಕ್ಕೆ ಕನ್ನಡ ನಾಡು ಹೊಸತೂ ಅಲ್ಲ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸಿನವರು ಹಳ್ಳಿಗಳಿಗೆ ಮಾನಸಿಕ ಚಿಕಿತ್ಸೆಯನ್ನು ಒಯ್ಯುವ ಪ್ರಯೋಗ ನಡೆಸಿದರು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಕ್ಕೆ ಜಿಲ್ಲೆಯೊಳಗೇ ಚಿಕಿತ್ಸೆ ದೊರೆಯುವಂತೆ ಮಾಡಬಹುದೆಂದು ತೋರಿಸಿದರು. 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೇಶಕ್ಕೆ ಮಾದರಿಯನ್ನು ಕೊಟ್ಟ ನಾಡು ತನ್ನ ಬಾಣಂತಿಯರಿಗೆ ಅದನ್ನು ಏಕೆ ಮುಟ್ಟಿಸಬಾರದು? ಮಾತಿನಿಂದ ಗುಣವಾಗದವರನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ನೋಡಲಿ. ಚಿತ್ತ ಕದಡಿದವರಿಗಾಗಿ ಪ್ರತಿ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ತಾಯಿ-ಮಗು ಒಟ್ಟಿಗೆ ಇರಬಹುದಾದ ಕೆಲವು ಹಾಸಿಗೆಗಳಾದರೂ ಇರಲಿ. ಮಗುವನ್ನು ಬೇರ್ಪಡಿಸಬಾರದೆಂದು ಕಾಯ್ದೆ ಹೇಳಿದ ಮೇಲೆ, ಬೇರ್ಪಡಿಸದೆ ಇಟ್ಟುಕೊಳ್ಳಲು ಸ್ಥಳವನ್ನೂ ಕಾಯ್ದೆ ಮಾಡಿದವರೇ ಒದಗಿಸಬೇಕಲ್ಲವೆ?

ಮೂರನೆಯದೊಂದು ಮಾತಿದೆ, ಅದನ್ನು ಆಕ್ಷೇಪವೆನ್ನುವುದಕ್ಕಿಂತ ಎಚ್ಚರಿಕೆಯೆನ್ನುವುದು ಸರಿ. ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಇನ್ನೆಷ್ಟು ಹೊರೆ ಹೊರಿಸುವುದು? 2025ರ ಜನವರಿಯ ಚಳಿಯಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ ಒಂದು ನಿಶ್ಚಿತ ಗೌರವಧನಕ್ಕಾಗಿ ಕೇಳಿಕೊಳ್ಳಬೇಕಾಯಿತು. ಅವರಲ್ಲಿ ಅನೇಕರು ತಾವೇ ಎಳೆಯ ಮಕ್ಕಳ ತಾಯಂದಿರು. ಬೇರೊಬ್ಬಳ ದುಃಖವನ್ನು ಕುಳಿತು ಕೇಳುವುದು ಹಗುರಾದ ಕೆಲಸವಲ್ಲ. ಅದು ಕೇಳಿದವಳ ಎದೆಯಲ್ಲಿಯೂ ಉಳಿಯುತ್ತದೆ. ಆ ಕೆಲಸಕ್ಕೆ ತರಬೇತಿ ಬೇಕು, ಸಮಯ ಬೇಕು, ಹಣ ಬೇಕು. ಅವಳು ಕೇಳಿದ್ದನ್ನು ಹೇಳಿಕೊಳ್ಳಲು ಮೇಲೊಬ್ಬರು ಬೇಕು. ಕರುಣೆಯನ್ನು ಪುಕ್ಕಟೆಯಾಗಿ ಪಡೆಯುವ ಅಭ್ಯಾಸವನ್ನು ಸರಕಾರ ಬಿಡದಿದ್ದರೆ, ಹತ್ತು ಪ್ರಶ್ನೆಗಳೂ ಹತ್ತು ಗೀಟುಗಳಾಗಿ ಕಡತ ಸೇರುತ್ತವೆ.

ಲೆಕ್ಕದ ವಿಷಯವನ್ನೂ ಹೇಳಿ ಮುಗಿಸಬೇಕು. ತಾಯಿಯ ಮರಣವೆಂದು ಸಾಮಾನ್ಯವಾಗಿ ಎಣಿಸುವುದು ಬಸುರಿನಿಂದ ಹಿಡಿದು ಹೆರಿಗೆಯಾದ 42 ದಿನಗಳವರೆಗಿನ ಸಾವನ್ನು. ಖಿನ್ನತೆಗೆ ಆ ಪಂಚಾಂಗ ತಿಳಿಯದು. ಅದು ನಾಲ್ಕನೆಯ ತಿಂಗಳಲ್ಲಿಯೂ ಕೊಲ್ಲಬಲ್ಲದು. ಬಸುರಿನಲ್ಲಾಗಲಿ ಬಾಣಂತನದಲ್ಲಾಗಲಿ ಆದ ಆತ್ಮಹತ್ಯೆಯನ್ನು ತಾಯಿಯ ಮರಣದ ನೇರ ಕಾರಣಗಳಲ್ಲಿ ಸೇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಸೂಚಿಸಿತು. ನಮ್ಮ ಹಳ್ಳಿಗಳಲ್ಲಿ ಬಾಣಂತಿಯೊಬ್ಬಳು ಬಾವಿಗೆ ಬಿದ್ದರೆ, ಕಾಲು ಜಾರಿತು ಎನ್ನುತ್ತಾರೆ. ಹೊಟ್ಟೆನೋವು ತಾಳಲಾರದೆ ಹೀಗಾಯಿತು ಎಂದು ಬರೆಸುತ್ತಾರೆ. ಮನೆಯ ಮಾನ ಉಳಿಯುತ್ತದೆ, ಸಾವಿನ ಕಾರಣ ಅಳಿಯುತ್ತದೆ. ರಕ್ತಸ್ರಾವದಿಂದ ಸತ್ತ ತಾಯಿಯ ಬಗ್ಗೆ ವಿಚಾರಣೆ ನಡೆಸಿ, ಎಲ್ಲಿ ತಡವಾಯಿತೆಂದು ಕೇಳುವ ಪದ್ಧತಿ ನಮ್ಮಲ್ಲಿದೆ. 213 ಎಂಬುದು 69 ಆದುದರ ಹಿಂದೆ ಆ ಶಿಸ್ತೂ ಇದೆ. ಹೆರಿಗೆಯಾದ ಒಂದು ವರ್ಷದೊಳಗೆ ತಾನಾಗಿ ಜೀವ ಕಳೆದುಕೊಂಡ ತಾಯಿಯ ಬಗ್ಗೆಯೂ ಅದೇ ಶಿಸ್ತಿನಿಂದ, ಯಾರನ್ನೂ ದಂಡಿಸುವ ಉದ್ದೇಶವಿಲ್ಲದೆ, ವಿಚಾರಣೆ ನಡೆಯಬೇಕು. ಎಣಿಸದ ಸಾವನ್ನು ಯಾವ ಸರಕಾರವೂ ತಡೆದದ್ದಿಲ್ಲ.

ಕಾವೇರಿಯ ಮನೆಯನ್ನು ಸರಿಪಡಿಸುವ ಶಕ್ತಿ ಯಾವ ಆಜ್ಞಾಪತ್ರಕ್ಕೂ ಇಲ್ಲವೆಂಬುದನ್ನು ನಾನು ಬಲ್ಲೆ. ಗಂಡ ಮಗುವನ್ನೆತ್ತಿಕೊಂಡು ರಾತ್ರಿ ಒಂದು ಗಂಟೆಯ ಹೊತ್ತು ಹೆಂಡತಿಯನ್ನು ಮಲಗಗೊಡಬೇಕೆಂದು ಕಾನೂನು ಮಾಡಲಾಗದು. ಆದರೆ ಸರಕಾರ ಆಡುವ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ತೂಕವಿದೆ. ಪೋಲಿಯೋ ಹನಿಯನ್ನು, ಆಸ್ಪತ್ರೆಯ ಹೆರಿಗೆಯನ್ನು ಒಲ್ಲೆವೆಂದ ಹಿರಿಯರೇ ಕ್ರಮೇಣ ಒಪ್ಪಿದ್ದಾರೆ. ಪ್ರತಿ ಬಸುರಿಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ, ಚುಚ್ಚುಮದ್ದಿನ ದಿನಗಳ ಪಕ್ಕದಲ್ಲಿ, ಸರಳವಾದ ಕನ್ನಡದಲ್ಲಿ ಒಂದು ಪುಟ ಅಚ್ಚಾಗಲಿ: ಹೆರಿಗೆಯ ನಂತರ ಮನಸ್ಸು ಕುಗ್ಗುವುದು ಒಂದು ಬೇನೆ, ತಾಯಿಯ ತಪ್ಪಲ್ಲ, ಅದು ಗುಣವಾಗುತ್ತದೆ, ಗುಣವಾದವಳು ಗುಣವಾದವಳೇ. ಅದನ್ನು ಗಂಡನೂ ಓದುತ್ತಾನೆ, ಅತ್ತೆಗೆ ಮೊಮ್ಮಗಳು ಓದಿ ಹೇಳುತ್ತಾಳೆ. ಆ ಪುಟದ ಕೆಳಗೆ 14416 ಎಂಬ ಸಂಖ್ಯೆಯಿರಲಿ. ಆಶಾ ಕಾರ್ಯಕರ್ತೆ ಹದಿನಾಲ್ಕನೆಯ ದಿನ ಬಂದು ಮಗುವನ್ನು ತೂಗಿ, ತೂಕ ಬರೆದು, ಲೇಖನಿಯನ್ನು ಕೆಳಗಿಟ್ಟು, ‘ನಿನಗೆ ಹೇಗಿದೆಯವ್ವ?’ ಎಂದು ಕೇಳಲಿ. ಉತ್ತರ ಬರುವವರೆಗೆ ಕುಳಿತಿರಲು ಅವಳಿಗೆ ಸಮಯವನ್ನೂ ಸಂಬಳವನ್ನೂ ಸರಕಾರ ಕೊಡಲಿ.